ಮುಚ್ಚಿದರೂ ಬರುವ ಜಾಹೀರಾತು

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಮುಚ್ಚಿದ್ದರೂ ‘ಫೋನಿಗೆ ವೈರಸ್ ತಗುಲಿದೆ’ ಎಂಬ ಸೂಚನೆ ಮೇಲಿಂದ ಮೇಲೆ ಬರುತ್ತಿದೆ. ಪಾಪ್‌-ಅಪ್ ಬ್ಲಾಕ್ ಮಾಡಿದರೂ ನಿಂತಿಲ್ಲ. ಏನು ಮಾಡಲಿ?

ಉತ್ತರ: ಮೊದಲು, ಆ ಸೂಚನೆಯನ್ನು ಒತ್ತಬೇಡಿ. ಅದು ತೋರಿಸುವ ‘ಕ್ಲೀನರ್’ ಆ್ಯಪ್ ಅನ್ನಂತೂ ಹಾಕಿಕೊಳ್ಳಲೇಬೇಡಿ. ನಿಮ್ಮ ಫೋನಿನಲ್ಲಿ ವೈರಸ್ ಹುಡುಕುವ ಶಕ್ತಿ ವೆಬ್ ಪುಟಕ್ಕಿಲ್ಲ; ಅದು ಶುದ್ಧ ಸುಳ್ಳು.

ನಿಮಗೆ ಬರುತ್ತಿರುವುದು ಪಾಪ್‌-ಅಪ್ (ವೆಬ್ ಪುಟ ತೆರೆದಾಗ ತಾನಾಗಿ ಏಳುವ ಕಿಟಕಿ) ಅಲ್ಲ, ಸೈಟು ಫೋನಿಗೆ ಕಳಿಸುವ ನೋಟಿಫಿಕೇಶನ್ (ಸೂಚನೆ). ಅದಕ್ಕೇ ಬ್ಲಾಕ್ ಮಾಡಿದ್ದು ಫಲ ಕೊಟ್ಟಿಲ್ಲ. ‘ನೀವು ರೋಬೋಟ್ ಅಲ್ಲವಾದರೆ ಅಲೋ ಒತ್ತಿ’ ಎಂದು ಕೆಲವು ಸೈಟುಗಳು ಕೇಳುತ್ತವೆ. ಒಮ್ಮೆ ಒತ್ತಿದರೆ ಸಾಕು, ಪುಟ ಮುಚ್ಚಿದ ಮೇಲೂ ಸೂಚನೆ ಕಳಿಸಲು ಅನುಮತಿ ಸಿಕ್ಕಂತೆ. ಸೂಚನೆಯ ನೆತ್ತಿಯಲ್ಲಿ, ಕ್ರೋಮ್ ಹೆಸರಿನ ಪಕ್ಕ, ಸಣ್ಣ ಅಕ್ಷರದಲ್ಲಿ ಸೈಟಿನ ವಿಳಾಸವಿರುತ್ತದೆ. ಗುರುತು ಹಾಕಿಕೊಳ್ಳಿ.

ಕ್ರೋಮ್‌ನ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿಯಲ್ಲಿ ಆ ವಿಳಾಸ ಹುಡುಕಿ ಬ್ಲಾಕ್ ಮಾಡಿ. ಗುರುತಿಲ್ಲದ ಬೇರೆ ಹೆಸರುಗಳಿಗೂ ಅದೇ ಗತಿ. ಇಲ್ಲಿ ಎಲ್ಲವನ್ನೂ ಆಫ್ ಮಾಡಿದರೂ ಬ್ಯಾಂಕ್ ಆ್ಯಪ್, ವಾಟ್ಸಾಪ್ ಸೂಚನೆಗಳಿಗೆ ತೊಂದರೆಯಿಲ್ಲ.

ಹೋಮ್ ಸ್ಕ್ರೀನ್ ಮೇಲೇ ಇಡೀ ಪರದೆ ತುಂಬುವ ಜಾಹೀರಾತು ಬರುತ್ತಿದ್ದರೆ ಮಾತ್ರ ಕಾರಣ ಬೇರೆ: ಯಾವುದೋ ಆ್ಯಪ್, ಹೆಚ್ಚಾಗಿ ಇತ್ತೀಚೆಗೆ ಹಾಕಿದ ಟಾರ್ಚ್ ಅಥವಾ ವಾಲ್‌ಪೇಪರ್‌ನಂಥದ್ದು. ಜಾಹೀರಾತು ಕಂಡ ಕೂಡಲೇ ರೀಸೆಂಟ್ಸ್ ಬಟನ್ (ಈಚೆಗೆ ತೆರೆದ ಆ್ಯಪ್‌ಗಳನ್ನು ತೋರಿಸುವುದು) ಒತ್ತಿ ನೋಡಿ, ಆ ಆ್ಯಪ್‌ನ ಐಕಾನ್ ಅಲ್ಲೇ ಸಿಗಬಹುದು. ಫೋನ್ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ (ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ) ಎಂದು ಹುಡುಕಿ, ಆ ಆ್ಯಪ್‌ಗೆ ಕೊಟ್ಟ ಅನುಮತಿ ತೆಗೆದು, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ.