ಓದುಗರ ಪ್ರಶ್ನೆ: ದುಬಾರಿ ಕಾರು ಉರುಳಿದಾಗ ಕಾರಣವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ಕಾಕಾನ ಮಗ ಕಳೆದ ಬೇಸಿಗೆಯಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ, ಹುಮನಾಬಾದ್ ಸಮೀಪ, ರಾತ್ರಿ ಹೊತ್ತು ಕಾರು ಅಪಘಾತದಲ್ಲಿ ತೀರಿಕೊಂಡ. ವಿದೇಶಿ ಕಂಪನಿಯ, ಎಂಟು ಏರ್‌ಬ್ಯಾಗ್ ಇದ್ದ ಕಾರು ಅದು. ಡಿವೈಡರ್‌ಗೆ ಉಜ್ಜಿ, ಎಡಕ್ಕೆ ತಿರುಗಿ, ರಸ್ತೆ ಬಿಟ್ಟು ಇಳಿದು ಬೇವಿನ ಮರಕ್ಕೆ ಬಡಿದಿದೆ. ಹಿಂದಿನ ಸೀಟಿನಲ್ಲಿದ್ದ ಅವನ ಗೆಳೆಯನೂ ಉಳಿಯಲಿಲ್ಲ. ಮುಂದೆ ಪಕ್ಕದಲ್ಲಿ ಕುಳಿತಿದ್ದವನು ಬದುಕಿದ್ದಾನೆ, ಆದರೆ ಅವನಿಗೆ ಆ ಗಳಿಗೆಯ ನೆನಪೇ ಇಲ್ಲ. ಟಯರ್ ಸಿಡಿದಿತ್ತು ಎಂದು ಸ್ಥಳಕ್ಕೆ ಹೋದವರು ಹೇಳುತ್ತಾರೆ, ಬ್ರೇಕ್ ಹಿಡಿಯಲಿಲ್ಲವೆಂದು ನೆಂಟರು ಹೇಳುತ್ತಾರೆ, ಅತಿವೇಗವೆಂದು ಪೊಲೀಸರು ಹೇಳುತ್ತಾರೆ. ಇಂಥ ಕಾರಿನಲ್ಲೂ ಹೀಗಾಗಲು ಏನೇನು ಕಾರಣಗಳಿರಬಹುದು? ನಿಜ ತಿಳಿಯುವ ದಾರಿ ಇದೆಯೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ತಮ್ಮ ಮನೆಯ ದುಃಖದಲ್ಲಿ ನಾವೂ ಭಾಗಿಗಳು. ಪತ್ರವೊಂದನ್ನು ಓದಿ ಇದೇ ಕಾರಣ ಎಂದು ತೀರ್ಪು ಕೊಡುವುದು ತಮಗೂ ತೀರಿಹೋದವರಿಗೂ ಅನ್ಯಾಯವಾದೀತು. ಆದರೆ ತಮ್ಮ ಮುಂದಿರುವ ಮೂರು ಮಾತುಗಳಲ್ಲಿ ಒಂದು ನಿಜವಾದರೆ ಉಳಿದೆರಡು ಸುಳ್ಳಾಗಲೇಬೇಕು ಎಂದು ಭಾವಿಸಬೇಡಿ. ಟಯರ್, ಬ್ರೇಕ್, ರಸ್ತೆ, ಚಾಲಕನ ಆಯಾಸ, ಇವು 70 ಕಿ.ಮೀ. ವೇಗದಲ್ಲಿ ತೊಂದರೆಗಳಾಗಿ ಮುಗಿಯುತ್ತವೆ, 150 ಕಿ.ಮೀ. ವೇಗದಲ್ಲಿ ಅದೇ ತೊಂದರೆಗಳು ಜೀವ ತೆಗೆಯುತ್ತವೆ. ಆದ್ದರಿಂದ ಮೊದಲು ವೇಗದ ಲೆಕ್ಕವನ್ನೇ ನೋಡೋಣ.

ವೇಗ ಎರಡು ಪಟ್ಟಾದರೆ ವಾಹನದಲ್ಲಿ ತುಂಬಿಕೊಳ್ಳುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರಿನ ಚಾಲಕ ಅಪಾಯವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ, ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೂ, ಕಾರು 33 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಅದೇ ಕಾರು 160ರಲ್ಲಿದ್ದರೆ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 67 ಮೀಟರ್ ಕಳೆದಿರುತ್ತದೆ, ಆಮೇಲೆ ಸುಮಾರು 140 ಮೀಟರ್ ಬೇಕಾಗುತ್ತದೆ. ಒಟ್ಟು 200 ಮೀಟರ್‌ಗೂ ಹೆಚ್ಚು. ರಾತ್ರಿ ಡಿಮ್ ಲೈಟಿನಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಐವತ್ತು, ಅರವತ್ತು ಮೀಟರ್ ಮಾತ್ರ. ಹೀಗಿರುವಾಗ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರಾಲಿಯೋ, ಡಿವೈಡರ್ ಸಂದಿಯಿಂದ ನುಗ್ಗಿದ ಎಮ್ಮೆಯೋ ಎದುರಾದರೆ, ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಕಾರು ನಿಲ್ಲಲು ಅಲ್ಲಿ ಜಾಗವೇ ಇರುವುದಿಲ್ಲ. ‘ಬ್ರೇಕ್ ಹಿಡಿಯಲಿಲ್ಲ’ ಎನ್ನುವ ಮಾತಿನ ಹಿಂದೆ ಅನೇಕ ಸಲ ಇರುವುದು ಇಷ್ಟೇ. ಇಂದಿನ ಕಾರುಗಳಲ್ಲಿ ಬ್ರೇಕಿನ ಎಣ್ಣೆಯ ಕೊಳವೆಗಳು ಎರಡು ಪ್ರತ್ಯೇಕ ಜಾಲಗಳಾಗಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಎರಡೂ ಒಟ್ಟಿಗೆ ಕೈಕೊಡುವುದು ಅಪರೂಪ. ಅದಕ್ಕಿಂತ ಹೆಚ್ಚು ಸಂಭವನೀಯವಾದದ್ದು, ಕಾಲಬುಡದ ಮ್ಯಾಟ್ ಸರಿದು ಆಕ್ಸಿಲರೇಟರ್‌ಗೆ ಸಿಕ್ಕಿಕೊಳ್ಳುವುದು ಅಥವಾ ಉರುಳಿ ಬಂದ ನೀರಿನ ಬಾಟಲಿ ಬ್ರೇಕ್ ಪೆಡಲಿನ ಕೆಳಗೆ ಕೂರುವುದು. ಪರಿಶೀಲಕರು ಇದನ್ನು ನೋಡಿದ್ದಾರೆಯೇ ಎಂದು ತಾವು ಕೇಳಬಹುದು.

ಇನ್ನು ಟಯರ್. ತಮ್ಮ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಗ್ರತೆಯಿಂದ ನೋಡಬೇಕಾದ ವಸ್ತು ಇದೇ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಭಾಗದ ಮೇ ತಿಂಗಳ ಬಿಸಿಲನ್ನು ಕಲಬುರಗಿಯವರಾದ ತಮಗೆ ವಿವರಿಸಬೇಕಿಲ್ಲ. ಗಾಳಿ ಕಡಿಮೆಯಿರುವ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಆ ಮಡಚುವಿಕೆ ಬಿಡುವಿಲ್ಲದೆ ನಡೆದು ಒಳಗಿನ ಬಿಸಿ ಏರುತ್ತದೆ, ಕಡೆಗೆ ರಬ್ಬರ್ ಮತ್ತು ಒಳಗಿನ ಎಳೆಗಳ ಬೆಸುಗೆ ಬಿಟ್ಟುಕೊಡುತ್ತದೆ. ಮುಂದಿನ ಟಯರ್ ಹೋದರೆ ಸ್ಟೀರಿಂಗ್ ಆ ಬದಿಗೆ ಎಳೆಯುತ್ತದೆ. ಹಿಂದಿನದು ಹೋದರೆ ಕಾರಿನ ಹಿಂಭಾಗವೇ ಪಕ್ಕಕ್ಕೆ ಬೀಸಿಕೊಳ್ಳುತ್ತದೆ, ಆಗ ಗಾಬರಿಯಿಂದ ಬ್ರೇಕ್ ತುಳಿದರೆ ಹಿಡಿತ ಪೂರ್ತಿ ತಪ್ಪುತ್ತದೆ.

ಆದರೆ ಅಪಘಾತದ ನಂತರ ಟಯರ್ ಒಡೆದಿದ್ದುದನ್ನು ಕಂಡ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು, ಏಕೆಂದರೆ ಡಿವೈಡರಿಗೆ ಬಡಿದಾಗಲೂ ಟಯರ್ ಒಡೆಯುತ್ತದೆ. ಇವೆರಡರ ಗುರುತುಗಳು ಬೇರೆ ಬೇರೆ. ಗಾಳಿ ಇಳಿದ ಮೇಲೆಯೂ ಓಡಿದ ಟಯರಿನ ಒಳಮೈಯಲ್ಲಿ ಸುತ್ತಲೂ ಉಜ್ಜಿದ ಪಟ್ಟಿ ಕಾಣುತ್ತದೆ, ಒಳಗೆ ರಬ್ಬರಿನ ಸಣ್ಣ ಪುಡಿ ಉದುರಿರುತ್ತದೆ, ಬಿಸಿಯಿಂದ ರಬ್ಬರಿನ ಬಣ್ಣವೂ ಬದಲಾಗಿರುತ್ತದೆ. ಬಡಿತಕ್ಕೆ ಒಡೆದ ಟಯರಿನಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಸೀಳು ಇರುತ್ತದೆ, ಅದಕ್ಕೆ ಸರಿಯಾಗಿ ಚಕ್ರದ ರಿಮ್ ಅದೇ ಜಾಗದಲ್ಲಿ ಬಾಗಿರುತ್ತದೆ, ಉಳಿದ ಒಳಮೈ ಹೊಸದರಂತೆ ಉಳಿದಿರುತ್ತದೆ. ರಸ್ತೆಯ ಮೇಲೂ ಸಾಕ್ಷಿ ಸಿಗುತ್ತದೆ. ಡಿವೈಡರ್ ತಾಗಿದ ಜಾಗಕ್ಕಿಂತ ಹಿಂದೆಯೇ ಟಯರಿನ ಚೂರುಗಳು ಬಿದ್ದಿದ್ದರೆ, ಅಥವಾ ಬರಿ ರಿಮ್ ಡಾಂಬರನ್ನು ಗೀರಿದ ಗೆರೆ ಅಲ್ಲಿಂದಲೇ ಶುರುವಾಗಿದ್ದರೆ, ಟಯರ್ ಮೊದಲು ಹೋಗಿದೆ ಎನ್ನಲು ಬಲವಾದ ಆಧಾರವಾಗುತ್ತದೆ.

ಹಳೆಯ ಟಯರಿನ ಅಪಾಯಕ್ಕೆ ಜಗತ್ತಿಗೇ ತಿಳಿದ ಉದಾಹರಣೆಯೊಂದಿದೆ. ಹಾಲಿವುಡ್ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ತೀರಿಕೊಂಡಾಗ, ಗೆಳೆಯ ಓಡಿಸುತ್ತಿದ್ದ ಪೋರ್ಷೆ ಕರೇರಾ ಜಿಟಿ ಕಾರಿನಲ್ಲಿದ್ದರು. ಮತ್ತೊಂದು ಕಾರಿನೊಡನೆ ರೇಸ್ ಹಚ್ಚಿದ್ದರು, ಸ್ಟೀರಿಂಗ್ ಎಣ್ಣೆ ಸೋರಿತ್ತು ಎಂಬಂಥ ಮಾತುಗಳು ತಿಂಗಳುಗಟ್ಟಲೆ ಹರಿದಾಡಿದವು. 2014ರಲ್ಲಿ ಹೊರಬಂದ ತನಿಖಾ ವರದಿ ಅವನ್ನೆಲ್ಲ ಬದಿಗಿಟ್ಟಿತು. ಗಂಟೆಗೆ 72 ಕಿ.ಮೀ. ಮಿತಿಯಿದ್ದ ರಸ್ತೆಯಲ್ಲಿ ಕಾರು 130ರಿಂದ 150 ಕಿ.ಮೀ. ವೇಗದಲ್ಲಿತ್ತು, ಅದರ ಟಯರುಗಳು ಒಂಬತ್ತು ವರ್ಷ ಹಳೆಯವಾಗಿದ್ದವು, ಯಂತ್ರದ ದೋಷ ಕಂಡುಬರಲಿಲ್ಲ, ಚಾಲಕ ಮದ್ಯವನ್ನಾಗಲಿ ಮಾದಕವಸ್ತುವನ್ನಾಗಲಿ ಸೇವಿಸಿರಲಿಲ್ಲ. ಕಾರು ಜಾರತೊಡಗಿದಾಗ ತಾನಾಗಿ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ನೇರಕ್ಕೆ ತರುವ ಸ್ಥಿರತಾ ವ್ಯವಸ್ಥೆ ಆ ಮಾದರಿಯಲ್ಲಿ ಇರಲೇ ಇಲ್ಲ. ತಮ್ಮ ಸೋದರನ ಕಾರಿನಲ್ಲಿ ಅದು ಇದ್ದಿರಬಹುದು. ಆದರೂ ಆ ವ್ಯವಸ್ಥೆ ಟಯರಿಗೆ ರಸ್ತೆಯ ಮೇಲೆ ಇರುವ ಹಿಡಿತವನ್ನು ಬಳಸಿಕೊಳ್ಳಬಲ್ಲದೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ರಸ್ತೆಯ ಪಾಲೂ ಇರಬಹುದು, ಅದನ್ನು ಮರೆಮಾಚಬಾರದು. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುವ ಈ ಮಣ್ಣಿನ ಮೇಲೆ ಹಾಕಿದ ರಸ್ತೆ, ತಳಪಾಯ ಸರಿಯಾಗಿ ಮಾಡದಿದ್ದರೆ, ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗುತ್ತದೆ. ಸೇತುವೆಯ ಕಾಂಕ್ರೀಟ್ ಕದಲದೆ ಇದ್ದು ಅದರ ಎರಡೂ ಬದಿಯ ಮಣ್ಣು ಕುಸಿದಾಗ ಸೇತುವೆ ಹತ್ತುವಲ್ಲಿ ಒಂದು ಏಣು ಉಳಿಯುತ್ತದೆ. 80ರಲ್ಲಿ ಹೊಟ್ಟೆ ಜಿಲ್ಲೆನ್ನಿಸುವ ಆ ಏರು 150ರಲ್ಲಿ ಚಕ್ರಗಳ ಮೇಲಿನ ಭಾರವನ್ನೇ ಕ್ಷಣಕಾಲ ಇಳಿಸಿಬಿಡುತ್ತದೆ. ಆ ಕ್ಷಣದಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡುವ ರಾಶಿ, ಶಹಾಬಾದ್ ಕಲ್ಲಿನ ಲಾರಿಗಳಿಂದ ಉದುರಿದ ಪುಡಿ, ಇವೂ ಹಿಡಿತ ತಪ್ಪಿಸುತ್ತವೆ. ತಮ್ಮವರು ಬಿದ್ದ ಜಾಗವನ್ನು ಹಗಲಿನಲ್ಲಿ ನಡೆದು ನೋಡಿ, ಚಿತ್ರಗಳನ್ನು ತೆಗೆದಿಡಿ. ಡಿವೈಡರ್ ಶುರುವಾಗುವಲ್ಲಿ ಪ್ರತಿಫಲಕಗಳಿವೆಯೇ, ಪಥ ಕಿರಿದಾಗುವ ಮುನ್ನ ಎಚ್ಚರಿಕೆ ಫಲಕವಿದೆಯೇ ಎಂಬುದೂ ಮುಖ್ಯ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ಮರ್ಸಿಡಿಸ್ ಕಾರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಗೆ ಬಡಿದಾಗಲೂ, ಮೂರು ಪಥಗಳ ರಸ್ತೆ ಸೇತುವೆಯ ಬಳಿ ಎರಡಕ್ಕೆ ಇಳಿಯುತ್ತಿದ್ದ ರೀತಿಯ ಬಗ್ಗೆ ಗಂಭೀರ ಆಕ್ಷೇಪಗಳು ಬಂದವು.

ಚಾಲಕನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿದ್ದೆಯ ಜೊಂಪು, ಮೊಬೈಲ್, ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಇಳಿಯುವುದು, ಹೃದಯಾಘಾತ, ಇವೆಲ್ಲ ಸಾಧ್ಯತೆಗಳು. ಮರಣೋತ್ತರ ಪರೀಕ್ಷೆಯ ವರದಿ ಮತ್ತು ರಕ್ತದ ಪರೀಕ್ಷೆ ಕೆಲವನ್ನು ಖಚಿತಪಡಿಸುತ್ತವೆ, ಕೆಲವನ್ನು ತಳ್ಳಿಹಾಕುತ್ತವೆ. ಒಂದು ಸಂಗತಿಯನ್ನು ಮಾತ್ರ ಸೇರಿಸಬೇಕು. ದುಬಾರಿ ಕಾರಿನೊಳಗೆ ಗಾಳಿಯ ಸದ್ದಿಲ್ಲ, ನಡುಕವಿಲ್ಲ, ಇಂಜಿನ್ ಕೂಗುವುದಿಲ್ಲ. ಅರ್ಧ ಗಂಟೆ 140ರಲ್ಲಿ ಓಡಿಸಿದವನಿಗೆ 100 ಎಂಬುದು ತೆವಳಿದಂತೆ ಅನ್ನಿಸುತ್ತದೆ. ವೇಗದ ಅಂದಾಜು ತಪ್ಪುವುದು ಹುಡುಗಾಟಿಕೆಯಿಂದಲೇ ಎಂದೇನಿಲ್ಲ. ಶಾಂತ ಸ್ವಭಾವದವರಿಗೂ ಹಾಗಾಗುತ್ತದೆ.

ನಿಜ ತಿಳಿಯುವ ದಾರಿ ಖಂಡಿತ ಇದೆ. ಏರ್‌ಬ್ಯಾಗ್‌ಗಳನ್ನು ಬಿಚ್ಚಿಸುವ ನಿಯಂತ್ರಣ ಪೆಟ್ಟಿಗೆಯಲ್ಲೇ ಡೇಟಾ ರೆಕಾರ್ಡರ್ ಇರುವುದು ಇಂಥ ಕಾರುಗಳಲ್ಲಿ ಸಾಮಾನ್ಯ. ಬಡಿತಕ್ಕೆ ಮುಂಚಿನ ಸುಮಾರು ಐದು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದು, ಆಕ್ಸಿಲರೇಟರ್ ಎಷ್ಟು ತುಳಿದಿತ್ತೆಂಬುದು, ಸೀಟ್ ಬೆಲ್ಟ್ ಹಾಕಿತ್ತೇ ಇಲ್ಲವೇ ಎಂಬುದು ಅದರಲ್ಲಿ ಉಳಿದಿರುತ್ತವೆ. ಮಿಸ್ತ್ರಿ ಅವರ ಪ್ರಕರಣದಲ್ಲಿ ಬ್ರೇಕ್ ಹಾಕುವ ಮುನ್ನ ವೇಗ 100 ಕಿ.ಮೀ. ಇತ್ತು, ಬಡಿದಾಗ 89 ಇತ್ತು ಎಂದು ತಯಾರಕರು ಇಂಥ ಮಾಹಿತಿಯ ಆಧಾರದ ಮೇಲೆಯೇ ವರದಿ ಕೊಟ್ಟಿದ್ದರು. ಆದ್ದರಿಂದ ವಿಮೆಯವರು ಹಣ ಕೊಟ್ಟರೆಂದು ಕಾರನ್ನು ಗುಜರಿಗೆ ಹಾಕಲು ಈಗಲೇ ಒಪ್ಪಬೇಡಿ. ಡೇಟಾ ತೆಗೆಸಬೇಕೆಂದು ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿಕೊಂಡು, ಅರ್ಜಿ ತಲುಪಿದ ಸಹಿ ಪಡೆಯಿರಿ. ಸ್ಥಳ ಮಹಜರು ಮತ್ತು ಮೋಟಾರು ವಾಹನ ನಿರೀಕ್ಷಕರ ವರದಿಯ ಪ್ರತಿಗಳನ್ನೂ ಕೇಳಿ. ನಾಲ್ಕೂ ಟಯರುಗಳು ರಿಮ್ ಸಮೇತ ಹಾಗೆಯೇ ಇರಲಿ, ಯಾರೂ ಬಿಚ್ಚದಂತೆ ನೋಡಿಕೊಳ್ಳಿ.

ಪ್ರಶ್ನೆ: ಐದು ನಕ್ಷತ್ರಗಳ ಕಾರು, ತುಂಬ ಏರ್‌ಬ್ಯಾಗ್‌ಗಳು ಇದ್ದರೂ ಜನ ಸಾಯುವುದೇಕೆ? ಹಿಂದೆ ಕೂತವರಿಗೆ ಬೆಲ್ಟ್ ಬೇಕೇ? ನಮ್ಮ ಮನೆಯಲ್ಲಿ ಯಾರೂ ಹಾಕುವುದಿಲ್ಲ.
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಕಾರನ್ನು ಎದುರಿನಿಂದ ಗುದ್ದಿಸುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಕಂಬಕ್ಕೆ ಪಕ್ಕದಿಂದ ಗುದ್ದಿಸುವುದು ಕೇವಲ 29 ಕಿ.ಮೀ. ವೇಗದಲ್ಲಿ. ನಕ್ಷತ್ರಗಳು ಹೇಳುವುದು ಆ ವೇಗಗಳ ಮಾತನ್ನೇ. 160ರಲ್ಲಿ ಓಡುವ ಕಾರಿನಲ್ಲಿ 64ರ ಕಾರಿಗಿಂತ ಆರು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. ಕಾರಿನ ಮೂತಿ ಮುದುಡುತ್ತ ಶಕ್ತಿಯನ್ನು ನುಂಗುವಂತೆ ರಚಿಸಿರುತ್ತಾರೆ, ಆದರೆ ಬಾಗಿಲ ಬದಿಯಲ್ಲಿ ಮುದುಡಲು ಒಂದು ಗೇಣಿಗಿಂತ ಹೆಚ್ಚು ಜಾಗವಿಲ್ಲ. ಜಾರಿದ ಕಾರು ಪಕ್ಕದಿಂದ ಹೋಗಿ ಮರಕ್ಕೆ ಬಡಿದಾಗ ಬದುಕುಳಿಯುವುದು ಕಷ್ಟವಾಗುವುದು ಇದರಿಂದಲೇ.

ಹಿಂದಿನ ಸೀಟಿನ ಬೆಲ್ಟ್ ಖಂಡಿತ ಬೇಕು, ಕಾನೂನಿನಲ್ಲೂ ಅದು ಕಡ್ಡಾಯ. ಏರ್‌ಬ್ಯಾಗ್ ಬೆಲ್ಟಿಗೆ ಜೊತೆಯಾಗಿ ಕೆಲಸ ಮಾಡುವಂತೆ ರೂಪಿಸಿದ್ದೇ ಹೊರತು ಬೆಲ್ಟಿನ ಬದಲಿಗಲ್ಲ. ಕಾರು ನಿಂತರೂ ಬೆಲ್ಟ್ ಹಾಕದವರ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ, ಮುಂದೆ ಕೂತವರ ಬೆನ್ನಿಗೆ ಬಡಿದು ಅವರನ್ನೂ ಜಜ್ಜುತ್ತದೆ. ಪಾಲ್ಘರ್‌ನಲ್ಲಿ ಮೇಲೆ ಹೇಳಿದ ಮಿಸ್ತ್ರಿ ಅವರ ಅಪಘಾತದಲ್ಲಿ ತೀರಿಕೊಂಡ ಇಬ್ಬರೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತವರು. ಮುಂದಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ತಮ್ಮ ಮನೆಯ ಹಿರಿಯರಿಗೆ, ಮಕ್ಕಳಿಗೆ ಇವತ್ತೇ ಹೇಳಿ.

ಪ್ರಶ್ನೆ: ಬೀದರ್‌ನಲ್ಲಿ ಸೆಕೆಂಡ್‌ಹ್ಯಾಂಡ್ ದೊಡ್ಡ ಕಾರು ಕೊಳ್ಳುತ್ತಿದ್ದೇನೆ. ಓಡಿದ್ದು ಕಡಿಮೆ, ಟಯರ್ ಹೊಸದರಂತಿದೆ. ಏನು ನೋಡಬೇಕು?
— ಓದುಗರೊಬ್ಬರು, ಬೀದರ್

ಉತ್ತರ: ಹೊಸದರಂತೆ ಕಾಣುವುದು ಮತ್ತು ಹೊಸದಾಗಿರುವುದು ಬೇರೆ ಬೇರೆ, ಶೆಡ್ಡಿನಲ್ಲಿ ನಿಂತೇ ಇದ್ದ ಕಾರಿನ ರಬ್ಬರ್ ಕೂಡ ವಯಸ್ಸಿಗೆ ಗಟ್ಟಿಯಾಗುತ್ತದೆ. ಟಯರಿನ ಪಕ್ಕದಲ್ಲಿ ಒಂದು ಅಂಡಾಕಾರದೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಸ್ಟೆಪ್ನಿಯನ್ನೂ ಬಿಡಬೇಡಿ. ಅಳತೆಯ ಕೊನೆಯ ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ: ‘ಟಿ’ ಇದ್ದರೆ 190, ‘ಎಚ್’ ಇದ್ದರೆ 210, ‘ವಿ’ ಇದ್ದರೆ 240 ಕಿ.ಮೀ. ಹಣ ಉಳಿಸಲು ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಕ್ಷರದ ಟಯರ್ ಹಾಕಿಸಿರುವವರಿದ್ದಾರೆ. ಪಕ್ಕದ ಗೋಡೆಯ ಮೇಲೆ ಅಂಗೈ ಆಡಿಸಿ, ಗುಂಡಿಗೆ ಬಿದ್ದು ಒಳಗಿನ ಎಳೆ ಹರಿದಿದ್ದರೆ ಅಲ್ಲಿ ಬುಗುಟು ಸಿಗುತ್ತದೆ. ಅಂಥ ಟಯರಿಗೆ ರಿಪೇರಿ ಇಲ್ಲ, ಬದಲಿಸಲೇಬೇಕು. ಗಾಳಿಯನ್ನು ಬೆಳಗಿನ ತಂಪಿನಲ್ಲಿ, ಕಾರು ಓಡಿಸುವ ಮುನ್ನ, ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಪಟ್ಟಿಯ ಪ್ರಕಾರ ಹಾಕಿಸಿ. ಮಾರುವವರು ಟಯರಿನ ವಯಸ್ಸಿನ ಬಗ್ಗೆ ಚೌಕಾಶಿಗೆ ಇಳಿದರೆ, ನಾಲ್ಕು ಹೊಸ ಟಯರಿನ ಬೆಲೆಯನ್ನು ಕಾರಿನ ದರದಲ್ಲಿ ಕಳೆದು ಮಾತಾಡಿ.