ರಾಥ್ ಐಆರ್‌ಎಗೆ ಮಿತಿ ಮೀರಿ ಹಾಕಿದ ದುಡ್ಡನ್ನು ದಂಡವಿಲ್ಲದೆ ಸರಿಪಡಿಸೋದು ಹೇಗೆ?

ರಾಥ್ ಐಆರ್‌ಎ ಅಂದರೆ ತೆರಿಗೆ ಕಟ್ಟಿದ ದುಡ್ಡು ಹಾಕೋ ಅಮೆರಿಕದ ನಿವೃತ್ತಿ ಉಳಿತಾಯ ಖಾತೆ. ಅದಕ್ಕೆ 2025ರ ಮಾರ್ಚ್‌ನಲ್ಲಿ 7,000 ಡಾಲರ್ ಹಾಕಿದ್ದೀರಿ ಅನ್ನಿ. ವರ್ಷದ ಕೊನೆಗೆ ಆರ್‌ಎಸ್‌ಯು (ಕಂಪನಿ ಸಂಬಳದ ಭಾಗವಾಗಿ ಕೊಡೋ ಷೇರು) ಸೇರಿ ಆದಾಯ 1.72 ಲಕ್ಷ ಡಾಲರ್ ಆಗಿದೆ, ತೆರಿಗೆ ರಿಟರ್ನ್ ಸಲ್ಲಿಸೋದು ಸಿಂಗಲ್ (ಒಂಟಿ ವ್ಯಕ್ತಿ) ಅಂತ. 2025ಕ್ಕೆ ಸಿಂಗಲ್‌ಗಳು ಹಾಕಬಹುದಾದ ಮೊತ್ತ, ಆದಾಯ 1.50 ಲಕ್ಷ ದಾಟಿದ ಮೇಲೆ ಇಳಿಯುತ್ತಾ 1.65 ಲಕ್ಷಕ್ಕೆ ಸೊನ್ನೆಯಾಗುತ್ತೆ. ಹಾಗಾಗಿ ನೀವು ಹಾಕಿದ ಅಷ್ಟೂ ಹೆಚ್ಚುವರಿಯೇ. ಏಪ್ರಿಲ್ 15ರೊಳಗೆ ರಿಟರ್ನ್ ಸಲ್ಲಿಸಿದ್ದರೆ ಅಥವಾ ಎಕ್ಸ್‌ಟೆನ್ಷನ್ (ಸಲ್ಲಿಸೋಕೆ ಹೆಚ್ಚುವರಿ ಸಮಯ) ತಗೊಂಡಿದ್ದರೆ 2026ರ ಅಕ್ಟೋಬರ್ 15ರವರೆಗೆ ಟೈಮಿದೆ. ಅಷ್ಟರೊಳಗೆ ತೆಗೆದರೆ ದಂಡವಿಲ್ಲ. ತೆಗೆಯದಿದ್ದರೆ ಶೇ. 6, ಅಂದರೆ 420 ಡಾಲರ್, ಅದೂ ದುಡ್ಡು ಒಳಗಿರುವಷ್ಟು ವರ್ಷ, ಪ್ರತಿ ವರ್ಷ.

ಬ್ರೋಕರ್ ಸೈಟಿನಲ್ಲಿ ಮಾಮೂಲಿ ವಿತ್‌ಡ್ರಾ ಬಟನ್ ಮಾತ್ರ ಒತ್ತಬೇಡಿ. ಬಹಳ ಜನ ಎಡವೋದು ಅಲ್ಲೇ. ಹಾಗೆ ತೆಗೆದದ್ದು ಸಾಮಾನ್ಯ ವಿತ್‌ಡ್ರಾಯಲ್ ಅಂತ ದಾಖಲಾಗುತ್ತೆ, ತಪ್ಪು ತಪ್ಪಾಗಿಯೇ ಉಳಿಯುತ್ತೆ. ‘ರಿಮೂವಲ್ ಆಫ್ ಎಕ್ಸೆಸ್’ ಅನ್ನೋ ಫಾರ್ಮ್ ಕೇಳಿ. ಯಾವ ವರ್ಷದ ಹಣ, ಎಷ್ಟು, ಯಾವ ತಾರೀಕು ಹಾಕಿದ್ದು ಅಂತ ಅದರಲ್ಲಿ ತುಂಬಬೇಕು. ಅಸಲಿನ ಜತೆ ಅದರ ಲಾಭವೂ ಹೊರಗೆ ಬರಬೇಕು. ಲಾಭವನ್ನು ಲೆಕ್ಕ ಹಾಕೋದು ಇಡೀ ಖಾತೆಯ ಮೇಲೆ, ಆ ದುಡ್ಡಲ್ಲಿ ಕೊಂಡ ಷೇರಿನ ಮೇಲಲ್ಲ. ಉದಾಹರಣೆಗೆ ಹಾಕೋ ಮುಂಚೆ ಖಾತೆಯಲ್ಲಿ 14,000 ಇತ್ತು ಅನ್ನಿ, ಹಾಕಿದ ಮೇಲೆ 21,000, ಈಗ 23,100. ಏರಿದ್ದು ಶೇ. 10, ಹಾಗಾಗಿ ನಿಮ್ಮ 7,000ಕ್ಕೆ ಲಾಭ 700. ತೆಗೆಯಬೇಕಾದ್ದು 7,700. ಖಾತೆ ನಷ್ಟದಲ್ಲಿದ್ದರೆ 7,000ಕ್ಕಿಂತ ಕಮ್ಮಿ ತೆಗೆದರೆ ಸಾಕು.

ಆ 700 ಡಾಲರ್ ಲಾಭ, ನೀವು ದುಡ್ಡು ಹಾಕಿದ ವರ್ಷದ, ಅಂದರೆ 2025ರ ಆದಾಯಕ್ಕೆ ಸೇರುತ್ತೆ. ತೆಗೆದ ಹಣವನ್ನು ತೋರಿಸೋ ಬ್ರೋಕರ್‌ನ ಫಾರ್ಮ್ 1099-ಆರ್ ನಿಮ್ಮ ಕೈಗೆ ಬರೋದು 2027ರ ಜನವರಿಯಲ್ಲಿ, ಪಿ ಮತ್ತು ಜೆ ಕೋಡ್ ಹೊತ್ತುಕೊಂಡು. ಅದಕ್ಕೆ ಕಾಯಬೇಡಿ, 2025ರ ತೆರಿಗೆ ರಿಟರ್ನ್ ಫಾರ್ಮ್ 1040ರ 4ಎ ಸಾಲಿನಲ್ಲಿ 7,700, 4ಬಿಯಲ್ಲಿ 700 ತೋರಿಸಿ. ರಿಟರ್ನ್ ಆಗಲೇ ಹೋಗಿದ್ದರೆ ತಿದ್ದುಪಡಿ ರಿಟರ್ನ್ ಆದ 1040-ಎಕ್ಸ್ ಹಾಕಿ, ಮೇಲ್ಗಡೆ ‘ಫೈಲ್ಡ್ ಪರ್ಸುಯಂಟ್ ಟು ಸೆಕ್ಷನ್ 301.9100-2’ ಅಂತ ಬರೆಯಬೇಕು. ಲಾಭದ ಮೇಲೆ ಇನ್ನೂ ಶೇ. 10 ದಂಡ ಇದೆ ಅಂತ ಹಳೇ ಲೇಖನಗಳು ಹೆದರಿಸುತ್ತವೆ. ಸೆಕ್ಯೂರ್ 2.0 ಕಾಯ್ದೆ 2022ರ ಡಿಸೆಂಬರ್ 29ರಿಂದ ಅದನ್ನು ತೆಗೆದುಹಾಕಿದೆ.

ನಾನಾದರೆ ದುಡ್ಡು ಹೊರಗೆ ತೆಗೆಯೋ ಮುಂಚೆ ರೀಕ್ಯಾರೆಕ್ಟರೈಸೇಷನ್ (ಹಾಕಿದ ದುಡ್ಡನ್ನು ಬೇರೆ ಬಗೆಯ ಐಆರ್‌ಎಗೆ ಹಾಕಿದ್ದು ಅಂತ ಬದಲಿಸೋದು) ನೋಡಿ ಅಂತೀನಿ. ಅಸಲು, ಲಾಭ ಎರಡೂ ಟ್ರಡಿಷನಲ್ ಐಆರ್‌ಎಗೆ ಹೋಗುತ್ತೆ, ಗಡುವು ಅದೇ ಅಕ್ಟೋಬರ್ 15. ಅದು ತೆರಿಗೆ ಕಟ್ಟಿದ ದುಡ್ಡು ಅಂತ ದಾಖಲಿಸೋ ಫಾರ್ಮ್ 8606 ಹಾಕಿ, ಆಮೇಲೆ ರಾಥ್‌ಗೆ ಕನ್ವರ್ಟ್ ಮಾಡಿದರೆ (ವರ್ಗಾಯಿಸಿದರೆ) ತೆರಿಗೆ ಲಾಭಕ್ಕೆ ಮಾತ್ರ. ಆದರೆ ಕೆಲಸ ಬಿಟ್ಟಾಗ ಹಳೇ 401(ಕೆ)ಯನ್ನು (ಕಂಪನಿಯ ನಿವೃತ್ತಿ ಖಾತೆ) ಟ್ರಡಿಷನಲ್ ಐಆರ್‌ಎಗೆ ರೋಲ್‌ಓವರ್ ಮಾಡಿದ್ದರೆ (ವರ್ಗಾಯಿಸಿದ್ದರೆ) ಈ ಲೆಕ್ಕ ಕೆಡುತ್ತೆ: ಎಲ್ಲ ಹಣವನ್ನೂ ಒಟ್ಟಿಗೆ ಸೇರಿಸಿ ಪಾಲು ಹಾಕೋ ಪ್ರೊ-ರೇಟಾ ನಿಯಮದಲ್ಲಿ ಆ ಹಣವೂ ಸೇರಿ, ಕನ್ವರ್ಟ್ ಮಾಡಿದ್ದರಲ್ಲಿ ದೊಡ್ಡ ಪಾಲಿಗೆ ತೆರಿಗೆ ಬೀಳುತ್ತೆ.

ಅಕ್ಟೋಬರ್ ದಾಟಿಹೋದರೆ? ಆಗ ಬರೀ 7,000 ತೆಗೆಯಿರಿ, ಲಾಭ ಒಳಗೇ ಇರಲಿ. ದಂಡ ಲೆಕ್ಕ ಹಾಕೋ 2025ರ ಫಾರ್ಮ್ 5329ರಲ್ಲಿ 420 ಕಟ್ಟಿ. 2026ರ ಡಿಸೆಂಬರ್ 31ರೊಳಗೆ ತೆಗೆದರೆ ಎರಡನೇ 420 ಬರಲ್ಲ.