ನೆಟ್‌ವರ್ಕ್ ಇಲ್ಲದ ಊರು, ತಮ್ಮನ ಬಾಯಲ್ಲಿ ಸಾವಿನ ಮಾತು: ಈಗ ಏನು ಮಾಡಲಿ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿ ನಮ್ಮದು. ಕೊಳೆ ರೋಗಕ್ಕೆ ಅಡಿಕೆ ಹೋಗಿ, ಸಾಲ ತಲೆ ಮೇಲೆ ಬಂದಾಗಿನಿಂದ ತಮ್ಮನಿಗೆ ಊಟ, ನಿದ್ದೆ ಇಲ್ಲ. ನಿನ್ನೆ ಅಮ್ಮನ ಹತ್ತಿರ ‘ನಾನಿಲ್ದೇ ಇದ್ರೆ ನಿಮಗೆಲ್ಲ ಹಗುರ’ ಅಂದನಂತೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂದು ಅಪ್ಪ ಬೇಡವೆನ್ನುತ್ತಾರೆ.

ಉತ್ತರ: ಅದನ್ನು ಬೇಸರದ ಮಾತೆಂದು ಬಿಡಬೇಡಿ. ಇವತ್ತೇ ಪಕ್ಕದಲ್ಲಿ ಕೂತು ‘ಸಾಯಬೇಕು ಅನ್ನಿಸ್ತಿದೆಯೇನೋ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಯಾರಾದರೂ ಕೇಳಲಿ ಎಂದು ಕಾದಿರುವವರೇ ಹೆಚ್ಚು. ‘ಮುಂದಿನ ವರ್ಷ ಫಸಲು ಬರುತ್ತೆ ಬಿಡು’ ಎಂಬ ಸಮಾಧಾನ ಈಗ ಬೇಡ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ರಾತ್ರಿಯೂ ಒಬ್ಬರು ಜೊತೆಗಿರಿ. ತೋಟದ ಔಷಧಿಯನ್ನೆಲ್ಲ ಇಂದೇ ಮನೆಯಿಂದ ಸಾಗಿಸಿ. ಕೋವಿ ಇದ್ದರೆ ಚುನಾವಣೆ ಹೊತ್ತಿನಲ್ಲಿ ಇಡುವ ಹಾಗೆ ಠಾಣೆಯಲ್ಲಿಡಿ. ಈ ಆವೇಗ ಎಷ್ಟೋ ಜನರಲ್ಲಿ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಸಿಗ್ನಲ್ ಸಿಗುವ ಜಾಗಕ್ಕೆ ಮನೆಯ ಇನ್ನೊಬ್ಬರು ಹೋಗಿ 14416ಕ್ಕೆ ಕರೆ ಮಾಡಲಿ. ಇದು ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನ ಪರವಾಗಿ ನೀವೂ ಕೇಳಬಹುದು. ಜೀವಕ್ಕೆ ಅಪಾಯ ಎನಿಸಿದರೆ 112 ಒತ್ತಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ. ಆಂಬುಲೆನ್ಸ್‌ಗೆ 108. ಮಳೆಯಲ್ಲಿ ಅದು ತಡವಾಗುವಂತಿದ್ದರೆ ಪಕ್ಕದ ಮನೆಯವರ ಜೀಪಿನಲ್ಲೇ ಹೊರಡಿ.

ರಾತ್ರಿ ಹೊತ್ತು ಮನೋವೈದ್ಯರನ್ನು ಹುಡುಕುತ್ತಾ ಕೂರಬೇಡಿ. ಹೊಸನಗರದ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರೇ ಚಿಕಿತ್ಸೆ ಶುರು ಮಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಮುಂದಿನದನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರು ನೋಡುತ್ತಾರೆ. ಈಗಾಗಲೇ ಏನಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಔಷಧಿಯ ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ತಂದೆಯವರಿಗೆ ಹೇಳಿ: ಸಾಯಬೇಕೆನಿಸುತ್ತದೆ ಎಂದು ವೈದ್ಯರ ಬಳಿ ಹೇಳಿಕೊಳ್ಳುವುದು ಯಾವತ್ತೂ ಅಪರಾಧವಲ್ಲ. ಪ್ರಯತ್ನಕ್ಕೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ ದಂಡ ಸಂಹಿತೆಯ (ಐಪಿಸಿ) 309ನೇ ಸೆಕ್ಷನ್ ಕೂಡ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. ಕೇಸಿನ ಹೆದರಿಕೆಗೆ ದಯವಿಟ್ಟು ಒಂದು ದಿನವನ್ನೂ ಕಳೆಯಬೇಡಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರ ಇನ್ನೂ ನಾಜೂಕು. ಮಾತ್ರೆಗಳು ಅಮ್ಮನ ಕೈಯಲ್ಲಿರಲಿ, ಮುಂದಿನ ಭೇಟಿಯ ದಿನ ಬರೆಸಿಕೊಂಡೇ ಹೊರಡಿ.